ಆರೋಗ್ಯ ಶಿಬಿರದ ಶುಭ ಮುಹೂರ್ತ

ಒಂದು ಹಾಳೆ ಬರೆದು, ಅಚ್ಚು ಹಾಕಿಸಿ, ಹಂಚುವುದರಲ್ಲಿ ಏನು ತಾನೇ ತಪ್ಪಾಗಬಹುದು? ಚಾಮರಾಜಪೇಟೆಯ ಮಹಿಳಾ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಪಾಠ ಮಾಡುತ್ತಿರುವ ನನಗೆ ಬರೆಯುವುದು ಗೊತ್ತು. ಹಂಚುವುದಂತೂ ಬಿಡಿ, ಪ್ರಶ್ನೆಪತ್ರಿಕೆ ಹಂಚಿ ಹಂಚಿ ಕೈ ಪಳಗಿಹೋಗಿದೆ. ಆದ್ದರಿಂದ ನಮ್ಮ ಪ್ರಿನ್ಸಿಪಾಲ್ ಶಾಂತಲಾ ಮೇಡಂ ಸ್ಟಾಫ್ ಮೀಟಿಂಗಿನಲ್ಲಿ, "ಹುಡುಗೀರಿಗೆ ಹುಷಾರಿಲ್ಲ ಅಂದ್ರೆ ಏನು ಮಾಡ್ಬೇಕು, ಯಾರ ಹತ್ರ ಹೋಗ್ಬೇಕು ಅಂತ ಒಂದು ಮಾರ್ಗದರ್ಶಿ ಬೇಕು. ಯಾರು ಬರೀತೀರಿ?" ಎಂದು ಕೇಳಿದಾಗ, ಉಳಿದವರೆಲ್ಲ ತಮ್ಮ ತಮ್ಮ ಕಾಫಿ ಲೋಟದ ತಳವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. ನಾನೊಬ್ಬನೇ ಕೈ ಎತ್ತಿದೆ. ಆ ಕೈಯನ್ನು ಯಾರಾದರೂ ಆಗಲೇ ಹಿಡಿದು ಕೆಳಗಿಳಿಸಬಾರದಿತ್ತೇ!

ಕೈ ಎತ್ತುವುದಕ್ಕೆ ಕಾರಣವಿತ್ತು. ಹಿಂದಿನ ದಿನ ನನ್ನ ತರಗತಿಯಲ್ಲಿ ಪವಿತ್ರಾ ಎಂಬ ಹುಡುಗಿ ತಲೆ ಸುತ್ತಿ ಬಿದ್ದಿದ್ದಳು. ಬಿ.ಕಾಂ. ಎರಡನೇ ವರ್ಷ, ಮುಂದಿನ ಬೆಂಚು, ಓದಿನಲ್ಲಿ ಚುರುಕು. ನಾನು ಹಳಗನ್ನಡ ಪದ್ಯ ಓದುತ್ತಿದ್ದೆ. ಮೊದಲು, ನನ್ನ ವಾಚನಕ್ಕೆ ಮೈಮರೆತು ತಲೆ ಬಾಗಿಸಿದಳು ಎಂದುಕೊಂಡು ದನಿ ಇನ್ನಷ್ಟು ಏರಿಸಿದೆ. ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದ ಮೇಲೆ ವಿಷಯ ಅರ್ಥವಾಯಿತು.

ಆಮೇಲೆ ಆದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಓಡಿಹೋಗಿ ಅಟೆಂಡರ್ ರಂಗಸ್ವಾಮಿಯ ಸೊಂಟದಿಂದ ಬೀಗದ ಕೈ ಗೊಂಚಲು ಕಿತ್ತುಕೊಂಡು ಬಂದು ಹುಡುಗಿಯ ಮುಷ್ಟಿಯಲ್ಲಿಟ್ಟೆ. ಪಕ್ಕದ ತರಗತಿಯ ಕಾಮರ್ಸ್ ಮೇಷ್ಟ್ರು ಕ್ಯಾಂಟೀನಿನಿಂದ ಅರ್ಧ ಈರುಳ್ಳಿ ತಂದು ಮೂಗಿಗೆ ಹಿಡಿದರು. ಇಂಗ್ಲಿಷ್ ಮೇಡಂ ಹಾಜರಿ ಪುಸ್ತಕದಿಂದ ಗಾಳಿ ಹಾಕಿದರು. ಸಿಕ್ ರೂಮಿಗೆ ಕರೆದುಕೊಂಡು ಹೋಗೋಣ ಎಂದರೆ, ಅದು ಎಲ್ಲಿದೆ ಎಂಬುದೇ ಯಾರಿಗೂ ಗೊತ್ತಿಲ್ಲ.

"ಇದೆ ಸಾರ್, ಮೆಟ್ಲ ಕೆಳಗೆ," ಎಂದ ರಂಗಸ್ವಾಮಿ. "ಬೀಗದ ಕೈ ಎಲ್ಲಿ ಹೋಯ್ತೋ ನೋಡ್ಬೇಕು."

ಬೀಗದ ಕೈ ಆ ಹುಡುಗಿಯ ಮುಷ್ಟಿಯಲ್ಲೇ ಇತ್ತು! ಅಷ್ಟರಲ್ಲಿ ಪವಿತ್ರಾ ಕಣ್ಣು ಬಿಟ್ಟಳು. ಕೈಯಲ್ಲಿದ್ದ ಬೀಗದ ಕೈ ನೋಡಿದಳು, ಮೂಗಿನ ಮುಂದಿದ್ದ ಈರುಳ್ಳಿ ನೋಡಿದಳು, ಸುತ್ತ ನಿಂತ ನಮ್ಮನ್ನು ನೋಡಿದಳು. "ಸಾರ್, ಇದು ಯಾವ ಪೂಜೆ?" ಎಂದಳು.

ಸಿಕ್ ರೂಮಿನ ಬಾಗಿಲು ತೆಗೆದರೆ ಮಂಚದ ಮೇಲೆ ಮೂರು ವರ್ಷದ ಉತ್ತರಪತ್ರಿಕೆಗಳು ಮಲಗಿದ್ದವು. ಅವುಗಳನ್ನು ಎಬ್ಬಿಸಿ ಹುಡುಗಿಯನ್ನು ಮಲಗಿಸಿದೆವು. ಆ ದಿನವೇ ನನಗೆ ಇನ್ನೊಂದು ಸಂಗತಿ ತಿಳಿಯಿತು. ಪ್ರತಿ ಮಂಗಳವಾರ, ಶುಕ್ರವಾರ ಆಫೀಸಿನ ಹಿಂದಿನ ಕೋಣೆಯಲ್ಲಿ ಕೂತು ಪೇಪರ್ ಓದಿ ಹೋಗುತ್ತಿದ್ದ ವಯಸ್ಸಾದ ಮನುಷ್ಯರು ನಮ್ಮ ಕಾಲೇಜಿನ ಡಾಕ್ಟರಂತೆ! ಹೆಸರು ವೆಂಕಟಾಚಲ. ಎಂಟು ವರ್ಷದಿಂದ ಬರುತ್ತಿದ್ದಾರಂತೆ. ನಾನು ಅವರನ್ನು ಆಡಿಟ್ ಆಫೀಸಿನವರು ಎಂದುಕೊಂಡು ಎಂಟು ವರ್ಷ ಸುಮ್ಮನೆ ಹೆದರಿ ನಮಸ್ಕಾರ ಹಾಕಿದ್ದೆ.

"ಡಾಕ್ಟರ ಹತ್ರ ತೋರಿಸಿದೀಯೇನಮ್ಮ?" ಎಂದು ಪವಿತ್ರಾಳನ್ನು ಕೇಳಿದೆ.

"ಇಲ್ಲ ಸಾರ್. ಈ ತಿಂಗಳಲ್ಲಿ ಇದು ಮೂರನೇ ಸಲ. ಅಮ್ಮ ದೃಷ್ಟಿ ತೆಗೆದ್ರು."

ಅವಳ ಅಮ್ಮ ಗೌರಮ್ಮನಿಗೆ ಬಿನ್ನಿಪೇಟೆಯಲ್ಲಿ ತರಕಾರಿ ಅಂಗಡಿ. ಗಂಡ ಇಲ್ಲ, ಇರುವವಳು ಇವಳೊಬ್ಬಳೇ ಮಗಳು. ಡಾಕ್ಟರ್ ವೆಂಕಟಾಚಲ ಮರುದಿನ ಪವಿತ್ರಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮುಖ ಗಂಭೀರ ಮಾಡಿಕೊಂಡು, "ರಕ್ತ ಪರೀಕ್ಷೆ ಆಗ್ಬೇಕು. ಅದಕ್ಕಿಂತ ಮುಖ್ಯ, ಇವರಮ್ಮನ ಹತ್ರ ನಾನು ಮಾತಾಡ್ಬೇಕು. ತಡ ಮಾಡ್ಬೇಡಿ," ಎಂದರು. ಅದಕ್ಕೇ ಮುಂದಿನ ಶುಕ್ರವಾರದ ಆಚೆಯ ಶುಕ್ರವಾರ, ಪೋಷಕರೂ ಬರುವಂಥ ಒಂದು ಆರೋಗ್ಯ ಶಿಬಿರ ಇಟ್ಟುಕೊಳ್ಳುವುದು ಎಂದಾಯಿತು. ಮಾರ್ಗದರ್ಶಿಯೂ, ಶಿಬಿರದ ಕರೆಯೂ ಒಂದೇ ಹಾಳೆಯಲ್ಲಿ. ಎಲ್ಲ ನನ್ನ ತಲೆಗೆ!

"ಅಮ್ಮ ಬರಲ್ಲ ಸಾರ್," ಎಂದಳು ಪವಿತ್ರಾ. "ಬೆಳಗಿನ ವ್ಯಾಪಾರ ಬಿಟ್ಟು ಎಲ್ಲಿಗೂ ಬರಲ್ಲ. ನಮ್ಮ ಅಜ್ಜಿ ಆಸ್ಪತ್ರೆಗೆ ಹೋದೋರು ವಾಪಸ್ ಬರ್ಲಿಲ್ಲ, ಅದಕ್ಕೇ ಡಾಕ್ಟರ್ ಅಂದ್ರೇ ಆಗಲ್ಲ ಅವರಿಗೆ."

"ನಾನು ಒಂದು ಚೀಟಿ ಕಳಿಸ್ತೀನಮ್ಮ."

"ಚೀಟಿ ಕೊಟ್ರೆ ಅದ್ರಲ್ಲಿ ಹಸಿಮೆಣಸಿನಕಾಯಿ ಕಟ್ಟಿ ಗಿರಾಕಿಗೆ ಕೊಟ್ಬಿಡ್ತಾರೆ ಸಾರ್. ಹೋದ್ಸಲ ನನ್ನ ಮಾರ್ಕ್ಸ್ ಕಾರ್ಡಿನ ಜೆರಾಕ್ಸೂ ಹಂಗೇ ಹೋಯ್ತು. ಕಳಿಸೋದಾದ್ರೆ ದಪ್ಪ ಪೇಪರಲ್ಲಿ ಕಳಿಸಿ ಸಾರ್. ಮಡಚಕ್ಕೆ ಬರದೇ ಇರೋ ಥರದ್ದು."

ಆ ಮಗುವಿನ ಮುಖ ಬಿಳಿಚಿಕೊಂಡಿತ್ತು. "ನಿಮ್ಮಮ್ಮನ್ನ ಆ ಶುಕ್ರವಾರ ಇಲ್ಲಿಗೆ ಕರೆಸೋದು ನನ್ನ ಜವಾಬ್ದಾರಿ," ಎಂದು ಮಾತು ಕೊಟ್ಟೆ.

ಏಳು ದಿನ ಕೂತು ಬರೆದೆ. "ಜ್ವರವು ಎರಡು ದಿನಗಳನ್ನು ಮೀರಿ ಮುಂದುವರಿದಲ್ಲಿ ವಿದ್ಯಾರ್ಥಿನಿಯು ವೈದ್ಯರನ್ನು ಕಾಣತಕ್ಕದ್ದು. ಮೆಡಿಕಲ್ ಅಂಗಡಿಯವರನ್ನು ವೈದ್ಯರೆಂದು ಭಾವಿಸತಕ್ಕದ್ದಲ್ಲ. ಗೆಳತಿಗೆ ಬರೆದುಕೊಟ್ಟ ಮಾತ್ರೆಯನ್ನು ತಾನು ನುಂಗತಕ್ಕದ್ದಲ್ಲ. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವಿಕೆ ಉಂಟಾದಲ್ಲಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬೀಗದ ಕೈ, ಈರುಳ್ಳಿ ಇತ್ಯಾದಿಗಳನ್ನು ಬಳಸತಕ್ಕದ್ದಲ್ಲ." ಮನಸ್ಸಿಗೆ ಬೇಸರವಾದರೆ, ನಿದ್ದೆ ಬಾರದಿದ್ದರೆ ಯಾರ ಹತ್ತಿರ ಮಾತಾಡಬೇಕು ಎಂಬುದನ್ನೂ ಸೇರಿಸಿದೆ. ವಾಂತಿ ಭೇದಿಗೆ ಒಂದು ಇಡೀ ಪ್ಯಾರಾ ಮೀಸಲಿಟ್ಟೆ. ಅದು ಆ ಬರಹದ ಶಿಖರ ಎಂದು ಇವತ್ತಿಗೂ ನನ್ನ ನಂಬಿಕೆ.

ನನ್ನ ಹೆಂಡತಿ ಸುಮಿತ್ರಾಗೆ ಓದಿ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ಕೇಳಿದಳು.

"ಹೇಗಿದೆ?"

"ಚೆನ್ನಾಗಿದೆ. ಇದನ್ನ ಓದಿ ಮುಗಿಸೋಷ್ಟರಲ್ಲಿ ಜ್ವರ ತಾನಾಗೇ ಇಳಿದಿರತ್ತೆ."

ದಪ್ಪ ಕಾಗದ ಎಂದ ಕೂಡಲೇ ನನಗೆ ನೆನಪಾದದ್ದು ಸುಲ್ತಾನ್‌ಪೇಟೆಯ ಚಂದ್ರಣ್ಣ. ನನ್ನ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿದವರೇ ಅವರು. ಆ ಕಾರ್ಡು ಎಷ್ಟು ದಪ್ಪವಿತ್ತೆಂದರೆ ನಮ್ಮತ್ತೆ ಇವತ್ತಿಗೂ ಅದನ್ನು ಹಾಲಿನ ಪಾತ್ರೆಗೆ ಮುಚ್ಚುತ್ತಾರೆ.

"ಏನ್ ಮೇಷ್ಟ್ರೇ, ಮಗನ ಮದುವೇನಾ?" ಎಂದು ಚಂದ್ರಣ್ಣ ಖುಷಿಯಾಗಿ ಎದ್ದು ನಿಂತರು.

"ಇಲ್ಲ ಚಂದ್ರಣ್ಣ. ಕಾಯಿಲೆ."

ಅವರು ಮತ್ತೆ ಕೂತುಬಿಟ್ಟರು. "ಯಾರಿಗೆ?"

"ಯಾರಿಗೂ ಇಲ್ಲ. ಬಂದ್ರೆ ಏನ್ ಮಾಡ್ಬೇಕು ಅಂತ."

"ನಮ್ಮ ಅಂಗಡೀಲಿ ಅಶುಭದ ಕೆಲಸ ಮಾಡಲ್ಲ ಮೇಷ್ಟ್ರೇ. ನಮ್ಮಪ್ಪನ ಕಾಲದಿಂದ ಈ ಮಿಷಿನ್ ಮೇಲೆ ಗಣಪತಿ ಇಲ್ದೆ ಒಂದು ಹಾಳೆ ಬಂದಿಲ್ಲ. ವೈಕುಂಠ ಸಮಾರಾಧನೆ ಕಾರ್ಡು ಕೇಳ್ಕೊಂಡು ಬಂದೋರನ್ನೂ ಪಕ್ಕದ ಅಂಗಡಿಗೆ ಕಳಿಸ್ತೀನಿ."

"ಇದು ಆರೋಗ್ಯ ಚಂದ್ರಣ್ಣ! ಆರೋಗ್ಯಕ್ಕಿಂತ ಶುಭ ಇನ್ನೇನಿದೆ ಹೇಳಿ?"

ಅವರು ಗಲ್ಲ ಕೆರೆದುಕೊಂಡು ಯೋಚಿಸಿದರು. "ಹಂಗೆ ನೋಡಿದ್ರೆ ಶುಭಾನೇ. ಸರಿ, ಕಾಗದ ಕೊಟ್ಟು ಹೋಗಿ. ಡಿಸೈನ್ ನನಗೆ ಬಿಡಿ."

"ನಿಮಗೇ ಬಿಟ್ಟಿದೀನಿ," ಎಂದೆ. ಇಷ್ಟು ಚಿಕ್ಕ ವಾಕ್ಯದಲ್ಲಿ ಇಷ್ಟು ದೊಡ್ಡ ಅನಾಹುತ ನನ್ನ ಬಾಯಿಂದ ಹಿಂದೆಂದೂ ಹೊರಟಿರಲಿಲ್ಲ.

ಬುಧವಾರ ಮಧ್ಯಾಹ್ನ ಕಟ್ಟುಗಳು ಸಿದ್ಧವಾದವು. ಆಟೋದಲ್ಲಿ ಹೇರಿಕೊಂಡು, ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಕಾಲೇಜು ತಲುಪುವಾಗ ಕೊನೆಯ ಗಂಟೆ ಹೊಡೆಯುತ್ತಿತ್ತು. ಮರುದಿನ ಸರ್ಕಾರಿ ರಜೆ, ಅದರ ಮರುದಿನವೇ ಶಿಬಿರ. ಗೇಟಿನಲ್ಲಿ ನಿಂತು, ಹೊರಗೆ ಹೋಗುತ್ತಿದ್ದ ಮುನ್ನೂರು ಹುಡುಗಿಯರ ಕೈಗೂ ಒಂದೊಂದು ಲಕೋಟೆ ತುರುಕಿದೆ. "ಒಳಗೆ ಖಾಲಿ ಬಿಟ್ಟಿರೋ ಜಾಗದಲ್ಲಿ ನಿಮ್ಮ ಹೆಸರು ಬರೆದು ಮನೇಲಿ ಕೊಡಿ!" ಎಂದು ಕೂಗಿ ಕೂಗಿ ಹೇಳಿದೆ. ಲಕೋಟೆಯ ನಾಲ್ಕು ಮೂಲೆಗೂ ಏನೋ ಹಳದಿ ಬಣ್ಣ ಇದ್ದದ್ದು ಕಣ್ಣಿಗೆ ಬಿತ್ತು. ಡಿಸೈನ್ ಇರಬೇಕು ಎಂದುಕೊಂಡೆ. ಬಸವನಗುಡಿಯ ನಮ್ಮ ಮನೆಗೆ ಹೋಗುವ ದಾರಿಯಲ್ಲಿ ಡಾಕ್ಟರ್ ವೆಂಕಟಾಚಲ ಅವರ ಮನೆಗೂ ಒಂದು ತಲುಪಿಸಿ, ಬಹಳ ತೃಪ್ತಿಯಿಂದ ಮನೆ ಸೇರಿ, ಸುಮಿತ್ರಾಳ ಕೈಗೆ ಇನ್ನೊಂದು ಕೊಟ್ಟು ಕಾಫಿಗೆ ಕೂತೆ.

ಸುಮಿತ್ರಾ ಲಕೋಟೆ ತೆಗೆದಳು. ಓದಿದಳು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದಳು.

"ಯಾರ ಮದುವೆರೀ ಇದು?"

"ಮದುವೆ? ಕಾಲೇಜಿನ ಮಾರ್ಗದರ್ಶಿ ಕಣೇ ಅದು."

"ಹೌದಾ? ಮೇಲೆ ಗಣಪತಿ ಇದಾನೆ. ಮಾವಿನ ತೋರಣ ಇದೆ. 'ಇದೇ ಶುಕ್ರವಾರ ಬೆಳಿಗ್ಗೆ 9-15ರಿಂದ 10-20ರವರೆಗೆ ಸಲ್ಲುವ ಶುಭ ಮುಹೂರ್ತದಲ್ಲಿ, ಚಿ॥ ಸೌ॥ ಚುಕ್ಕಿ ಚುಕ್ಕಿ ಚುಕ್ಕಿ, ಹಾಗೂ ಡಾ॥ ವೆಂಕಟಾಚಲ, ಇವರ ಭೇಟಿಯನ್ನು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ…'"

ಕಾಫಿ ಲೋಟ ಕೆಳಗಿಟ್ಟು ಕಾರ್ಡಿಗೆ ಕೈ ಚಾಚಿದೆ.

"ನಿಲ್ಲಿ, ಇನ್ನೂ ಇದೆ," ಎಂದಳು. ದನಿ ಬದಲಾಗಿತ್ತು. "'ತಮ್ಮ ಸುಖಾಗಮನ ಬಯಸುವ ಶ್ರೀಮತಿ ಶಾಂತಲಾ ಮತ್ತು ಶ್ರೀ ಗೋಪಿನಾಥ್.' ಈ ದಂಪತಿ ಯಾರು ಅಂತ ಸ್ವಲ್ಪ ಹೇಳ್ತೀರಾ?"

ಶಾಂತಲಾ ನಮ್ಮ ಪ್ರಿನ್ಸಿಪಾಲರು. ಗೋಪಿನಾಥ್ ಎಂಬ ನತದೃಷ್ಟ ನಾನೇ! ಕಾರ್ಡು ಕಿತ್ತುಕೊಂಡು ತಿರುಗಿಸಿ ಮುರುಗಿಸಿ ನೋಡಿದೆ. ನನ್ನ ಏಳು ದಿನದ ತಪಸ್ಸು, ವಾಂತಿ ಭೇದಿ ಸಮೇತ, ಹಿಂಬದಿಯಲ್ಲಿ ಸಾಸಿವೆ ಕಾಳಿನ ಗಾತ್ರದ ಅಕ್ಷರದಲ್ಲಿತ್ತು. ಎಲ್ಲಕ್ಕಿಂತ ಕೆಳಗೆ, ಬಂಗಾರದ ಬಣ್ಣದಲ್ಲಿ: "ಆಶೀರ್ವಾದವೇ ಉಡುಗೊರೆ."

ಮುನ್ನೂರು ವಧುಗಳು, ಒಬ್ಬರೇ ವರ. ಅದೂ ಎಪ್ಪತ್ತು ವರ್ಷದವರು!

ಫೋನ್ ಹೊಡೆದುಕೊಂಡಿತು. ವರನೇ ಮಾತಾಡುತ್ತಿದ್ದರು. "ಮೇಷ್ಟ್ರೇ, ನಾನು ವೆಂಕಟಾಚಲ. ನಮ್ಮ ಮನೆಯವರು ಕಾರ್ಡು ಓದಿದ್ರು. ಚುಕ್ಕಿ ಇರೋ ಜಾಗದಲ್ಲಿ ಯಾರ ಹೆಸರು ಬರತ್ತೆ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

ತಪ್ಪನ್ನು ಕೂಡಲೇ ತಿದ್ದಬೇಕು ಎಂದುಕೊಂಡು ಪೋಷಕರ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದೆ. "ಪೋಷಕರ ಗಮನಕ್ಕೆ. ಶುಕ್ರವಾರ ಮದುವೆ ಇರುವುದಿಲ್ಲ. ಡಾಕ್ಟರ್ ಮಾತ್ರ ಬರುತ್ತಾರೆ."

ಓದಿ ನೋಡಿದಾಗ ಸ್ಪಷ್ಟವಾಗಿಯೇ ಕಂಡಿತ್ತು. ಉತ್ತರಗಳು ಬರತೊಡಗಿದವು. "ಅಯ್ಯೋ, ಮದುವೆ ಯಾಕೆ ನಿಂತೋಯ್ತು ಸಾರ್?" "ಹುಡುಗಿ ಮನೆಯವ್ರು ಒಪ್ಪಲಿಲ್ವಾ?" "ಪಾಪ ಡಾಕ್ಟ್ರು, ಒಬ್ರೇ ಬರ್ತಾರಂತೆ." "ದೇವರು ಒಳ್ಳೇದ್ ಮಾಡ್ಲಿ." ಒಬ್ಬರು ಕೈ ಮುಗಿದ ಚಿತ್ರ ಹಾಕಿದರು. ಅವರನ್ನು ನೋಡಿ ಇನ್ನೂ ನಲವತ್ತು ಜನ ಕೈ ಮುಗಿದರು. ಮದುವೆ ಇತ್ತೋ ಇಲ್ಲವೋ ಎಂದು ಒಂದು ಹಂತದಲ್ಲಿ ನನಗೇ ಅನುಮಾನ ಬಂತು.

ಆದರೆ ಇದೆಲ್ಲದರ ನಡುವೆ ನಾನು ನಿಜವಾಗಿ ಹೆದರಿದ್ದು ಪವಿತ್ರಾಳ ನೆನಪಾಗಿ. ಗೌರಮ್ಮನ ಹತ್ತಿರ ಇರುವುದು ಬಟನ್ ಫೋನು, ಈ ಗುಂಪಿನಲ್ಲಿ ಅವರಿಲ್ಲ. ಡಾಕ್ಟರ್ ಎಂದರೇ ಆಗದ ತಾಯಿಗೆ, ಮಗಳನ್ನು ಡಾಕ್ಟರಿಗೆ ಕೊಟ್ಟಿದ್ದೇವೆ ಎಂದು ಕಾರ್ಡು ಹೋಗಿದೆ! ಸುಮ್ಮನಿದ್ದವರನ್ನು ಕೆಣಕಿದ ಹಾಗಾಯಿತು. ಇನ್ನು ಅವರು ಬರುವುದಿರಲಿ, ಮಗಳನ್ನು ಕಾಲೇಜಿಗೆ ಕಳಿಸುತ್ತಾರೋ ಇಲ್ಲವೋ. ಮಾತು ಕೊಟ್ಟು ಆ ಹುಡುಗಿಯನ್ನು ನಾನೇ ಮುಳುಗಿಸಿದೆ ಅನ್ನಿಸಿ ಊಟ ಸೇರಲಿಲ್ಲ. ಪವಿತ್ರಾಳ ಫೋನಿಗೆ ಮಾಡಿದರೆ ಸ್ವಿಚ್ ಆಫ್.

ಗುರುವಾರ ಬೆಳಿಗ್ಗೆ ಸುಲ್ತಾನ್‌ಪೇಟೆಗೆ ಹೋಗಿ ಚಂದ್ರಣ್ಣನ ಮುಂದೆ ಕಾರ್ಡು ಎಸೆದೆ. "ಏನ್ರೀ ಇದು?"

ಅವರು ಶಾಂತವಾಗಿ ಎತ್ತಿಕೊಂಡು ಧೂಳು ಒರೆಸಿದರು. "ಯಾಕೆ, ಬಂಗಾರದ ಬಣ್ಣ ಜಾಸ್ತಿ ಆಯ್ತಾ?"

"ಇದು ಲಗ್ನಪತ್ರಿಕೆ ಕಣ್ರೀ!"

"ಮದುವೆ ಅಂತ ಎಲ್ಲಾದ್ರೂ ಹಾಕಿದೀನಾ ಹೇಳಿ. 'ಭೇಟಿ' ಅಂತ ನೀವು ಬರೆದಿದ್ರಿ, 'ಭೇಟಿ' ಅಂತಾನೇ ಇದೆ. ನೋಡಿ ಮೇಷ್ಟ್ರೇ, ನೀವು ಕೊಟ್ಟ ಕಾಗದದಲ್ಲಿ ಏನಿತ್ತು? ಹುಡುಗಿ ಹೆಸರಿಗೆ ಜಾಗ. ಡಾಕ್ಟರ ಹೆಸರು. ದಿನ, ಟೈಮು, ಸ್ಥಳ. ಕರೆಯೋರು ಒಬ್ರು ಹೆಂಗಸು, ಒಬ್ರು ಗಂಡಸು. ಇದನ್ನ ನಾನು ಇನ್ನು ಹೇಗೆ ಜೋಡಿಸ್ಲಿ? ಮೂವತ್ತು ವರ್ಷದಿಂದ ಹೀಗೇ ಜೋಡಿಸ್ತಿದೀನಿ."

"ವಾಂತಿ ಭೇದಿ ಅಂತಾನೂ ಇತ್ತಲ್ರೀ!"

"ಇತ್ತು. ಅದಕ್ಕೇ ಹಿಂದಗಡೆ ಹಾಕಿದೀನಿ. ಗಣಪತಿ ಮುಖಕ್ಕೆ ಹಾಕಕ್ಕಾಗತ್ತಾ?"

"ಶಿಬಿರ ಇರೋದು ಹತ್ತೂವರೆಗೆ! ಒಂಬತ್ತೂ ಕಾಲು ಯಾಕೆ ಹಾಕಿದ್ರಿ?"

ಈಗ ಚಂದ್ರಣ್ಣನಿಗೆ ನಿಜವಾಗಿ ಸಿಟ್ಟು ಬಂತು. "ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು ಆಗತ್ತೆ ಸಾರ್! ಮಕ್ಕಳ ರಕ್ತ ತೆಗೆಯೋ ಕೆಲಸ ರಾಹುಕಾಲದಲ್ಲಿ ಇಟ್ಕೊಂಡಿದೀರಲ್ಲ, ಕಾಲೇಜು ಮೇಷ್ಟ್ರಾಗಿ ನಿಮಗೆ ಅಷ್ಟೂ ಗೊತ್ತಾಗಲ್ವಾ? ಪಂಚಾಂಗ ನೋಡಿ ನಾನೇ ಸರಿ ಮಾಡ್ದೆ. ಥ್ಯಾಂಕ್ಸ್ ಹೇಳ್ತೀರಾ ಅಂದ್ಕೊಂಡಿದ್ದೆ."

ಜಗಳವಾಡಲು ಹೋದವನು ಕ್ಷಮೆ ಕೇಳಿ ಹೊರಗೆ ಬಂದೆ. ಯಾಕೆ ಕೇಳಿದೆ ಎಂದು ಇವತ್ತಿಗೂ ತಿಳಿದಿಲ್ಲ.

ಡಾಕ್ಟರಿಗೂ ಲ್ಯಾಬಿನವರಿಗೂ ಕೈಕಾಲು ಹಿಡಿದು ಒಂಬತ್ತು ಗಂಟೆಗೇ ಬರುವಂತೆ ಒಪ್ಪಿಸಿದೆ. ಶುಕ್ರವಾರ ಎಂಟೂವರೆಗೆ ಕಾಲೇಜಿಗೆ ಹೋದರೆ ಗೇಟಿಗೆ ಬಾಳೆಕಂದು! ಕಾರ್ಡು ನೋಡಿದ ರಂಗಸ್ವಾಮಿ ತಾನಾಗೇ ಕಟ್ಟಿದ್ದನಂತೆ. ಕ್ಯಾಂಟೀನಿನ ಭಟ್ಟರು ಕಾರ್ಡು ನೋಡಿ ಎರಡು ದೊಡ್ಡ ಕೊಳಗದ ತುಂಬ ಉಪ್ಪಿಟ್ಟು ಮಾಡಿಟ್ಟಿದ್ದರು. ಹೋದ ವರ್ಷದ ಪೋಷಕರ ಸಭೆಗೆ ಬಂದವರು ನಾಲ್ಕೇ ಜನ. ಈಗ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ! ಅರ್ಧ ಜನ ಶಿಬಿರ ಎಂದು ತಿಳಿದು ಬಂದವರು, ಕಾಲು ಭಾಗ ಮದುವೆ ಎಂದು ಬಂದವರು, ಇನ್ನುಳಿದವರು ಮದುವೆ ಯಾಕೆ ನಿಂತಿತು ಎಂದು ತಿಳಿಯಲು ಬಂದವರು. ಒಬ್ಬ ಅಜ್ಜಿ ಶಾಂತಲಾ ಮೇಡಂ ಕೈ ಹಿಡಿದು, "ನೀವು ಹುಡುಗಿ ಕಡೆಯೋರೋ ಗಂಡಿನ ಕಡೆಯೋರೋ?" ಎಂದು ಕೇಳುತ್ತಿದ್ದರು. ಮೇಡಂ ಆ ತಲೆಗಳ ಮೇಲಿಂದ ನನ್ನ ಕಡೆ ಒಂದು ನೋಟ ಬೀರಿದರು. ಸುಮಿತ್ರಾ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. "ನನ್ನ ಗಂಡ ಕರೆಯೋರ ಸಾಲಲ್ಲಿದಾರೆ, ನಾನು ಬರ್ದೇ ಇರಕ್ಕಾಗತ್ತಾ?" ಎಂದು ನೇರವಾಗಿ ಮೇಡಂ ಪಕ್ಕಕ್ಕೇ ಹೋಗಿ ನಿಂತಳು.

ನನ್ನ ಕಣ್ಣು ಬಾಗಿಲ ಕಡೆಯೇ ಇತ್ತು. ಒಂಬತ್ತೂ ಹತ್ತು. ಪವಿತ್ರಾ ಇಲ್ಲ.

ಸರಿಯಾಗಿ ಒಂಬತ್ತೂ ಕಾಲಿಗೆ, ಮುಹೂರ್ತಕ್ಕೆ ಒಂದು ನಿಮಿಷ ಆಚೀಚೆ ಇಲ್ಲದೆ, ಗೌರಮ್ಮ ಬಂದರು. ಮಗಳ ರಟ್ಟೆ ಹಿಡಿದು ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಕಾರ್ಡನ್ನು ಕುಡುಗೋಲಿನ ಹಾಗೆ ಎತ್ತಿ ಹಿಡಿದುಕೊಂಡು! ಹಿಂದೆ ಅವರ ಪಕ್ಕದ ಅಂಗಡಿಯ ಹೂವಿನ ಮುನಿಯಮ್ಮ. ಕಾರ್ಡು ಓದಿ ಹೇಳಿದವರು ಅವರೇ.

"ಯಾರ್ರೀ ಅದು ಗೋಪಿನಾಥ?"

ಸಭಾಂಗಣ ಪೂರ್ತಿ ನನ್ನ ಕಡೆ ತಿರುಗಿತು. ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಮಾತ್ರ ಇತ್ತು.

"ನಾನೇ ಅಮ್ಮ…"

"ಹೆತ್ತೋಳು ನಾನು ಇನ್ನೂ ಬದುಕಿದೀನಿ, ನನ್ನ ಮಗಳ ಮದುವೆ ಗೊತ್ತು ಮಾಡಕ್ಕೆ ನೀವ್ಯಾರ್ರೀ? ಓದ್ಸಿ ಅಂತ ಕಳ್ಸಿದ್ರೆ ಲಗ್ನ ಇಟ್ಟಿದೀರಾ? ಇವಳನ್ನ ಕೇಳಿದ್ರೆ 'ಅದು ಮದುವೆ ಅಲ್ಲಮ್ಮ, ರಕ್ತ ತೆಗೀತಾರೆ' ಅಂತಾಳೆ. ಮದುವೆಗೆ ಯಾರಾದ್ರೂ ರಕ್ತ ತೆಗೀತಾರಾ? ಫೋನೂ ಕಿತ್ತಿಟ್ಕೊಂಡಿದೀನಿ. ಎಲ್ಲಿ ಆ ಡಾಕ್ಟ್ರು? ಮುಖ ತೋರಿಸಿ ಅವನದ್ದು!"

ಮೂಲೆಯ ಮೇಜಿನಿಂದ ಡಾಕ್ಟರ್ ವೆಂಕಟಾಚಲ ನಿಧಾನಕ್ಕೆ ಎದ್ದರು. ಬಕ್ಕ ತಲೆ, ಕೈಯಲ್ಲಿ ಸ್ಟೆತಾಸ್ಕೋಪು. "ನಾನೇ ತಾಯಿ," ಎಂದರು.

ಗೌರಮ್ಮ ಅವರನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಎತ್ತಿದ್ದ ಕಾರ್ಡು ತಾನಾಗೇ ಇಳಿಯಿತು.

"ಅಯ್ಯೋ ಗೌರಿ!" ಎಂದರು ಮುನಿಯಮ್ಮ. "ಇವರಿಗೆ ಷಷ್ಟ್ಯಬ್ದಿಯೇ ಆಗಿರ್ಬೇಕು ಕಣೇ!"

"ಆಗಿದೆ. ಹತ್ತು ವರ್ಷ ಆಯ್ತು," ಎಂದರು ಡಾಕ್ಟರು. "ಬನ್ನಿ, ಕೂತ್ಕೊಳಿ. ಹೇಗೂ ಬಂದಿದೀರಿ."

ಕೂತ ಮೇಲೆ ಅವರು ಭಾಷಣ ಮಾಡಲಿಲ್ಲ. ಪವಿತ್ರಾಳನ್ನು ಹತ್ತಿರ ಕರೆದು, ಕಣ್ಣಿನ ಕೆಳರೆಪ್ಪೆ ಎಳೆದು, "ಇಲ್ಲಿ ನೋಡಿ," ಎಂದು ತಾಯಿಗೆ ತೋರಿಸಿದರು. ಆಮೇಲೆ ಮುನಿಯಮ್ಮನ ಕಣ್ಣು ತೋರಿಸಿದರು. ಒಂದು ಕೆಂಪು, ಒಂದು ಕಾಗದದ ಹಾಗೆ ಬಿಳಿ. ಲ್ಯಾಬಿನವರು ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಮಿಷಿನ್ನಿಗೆ ಹಾಕಿದರು. ಏಳು ಎಂದು ಬಂತು.

"ಹನ್ನೆರಡು ಇರ್ಬೇಕು ತಾಯಿ. ಇವಳ ಮೈಯಲ್ಲಿ ರಕ್ತ ತುಂಬಾ ಕಡಿಮೆ ಇದೆ. ಅದಕ್ಕೇ ತಲೆ ಸುತ್ತೋದು. ದೃಷ್ಟಿ ಅಲ್ಲ. ಬೆಳಿಗ್ಗೆ ಏನು ತಿಂತಾಳೆ?"

ಗೌರಮ್ಮ ಮಗಳ ಕಡೆ ನೋಡಿದರು. ಮಗಳು ನೆಲ ನೋಡಿದಳು. "ನಾಲ್ಕು ಗಂಟೆಗೆ ನನ್ನ ಜೊತೆ ಎದ್ದು ಮಾರ್ಕೆಟ್ಟಿಗೆ ಬರ್ತಾಳೆ ಸ್ವಾಮಿ. ಮೂಟೆ ಇಳಿಸ್ತಾಳೆ. ಅಲ್ಲಿಂದ ಹಂಗೇ ಕಾಲೇಜಿಗೆ ಓಡ್ತಾಳೆ. ತಿಂದ್ಯಾ ಅಂತ ದಿನಾ ಕೇಳ್ತೀನಿ. ತಿಂದೆ ಅಂತಾಳೆ…" ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. "ಊರಿಗೆಲ್ಲ ಸೊಪ್ಪು ಮಾರ್ತೀನಿ, ನನ್ನ ಮಗೂಗೆ ರಕ್ತ ಇಲ್ವಂತೆ!"

"ಔಷಧಿ ಕೊಡ್ತೀನಿ, ಸರಿ ಹೋಗತ್ತೆ. ಯಾಕೆ ಹೀಗಾಯ್ತು ಅಂತ ಇನ್ನೂ ಎರಡು ಪರೀಕ್ಷೆ ಮಾಡ್ಸೋಣ. ಇನ್ನಷ್ಟು ದಿನ ಬಿಟ್ಟಿದ್ರೆ ಕಷ್ಟ ಆಗ್ತಿತ್ತು. ಇವತ್ತು ಬಂದ್ರಲ್ಲ, ಒಳ್ಳೇದಾಯ್ತು."

ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡುವುದೇಕೆ? ಸ್ವಲ್ಪ ಹೊತ್ತಾದ ಮೇಲೆ ಹತ್ತಿರ ಹೋಗಿ ಕೇಳಿದೆ, "ಗೌರಮ್ಮ, ಮಾಮೂಲಿ ಚೀಟಿ ಕಳಿಸಿದ್ರೆ ನೀವು ಬರ್ತಿರ್ಲಿಲ್ವಾ?"

"ಚೀಟಿಗೆಲ್ಲ ಯಾರು ಬರ್ತಾರೆ ಮೇಷ್ಟ್ರೇ?" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. "ಅರಿಶಿನ ಹಚ್ಚಿರೋ ಕಾಗದ ಮನೆಗೆ ಬಂದ್ಮೇಲೆ ಬರ್ದೇ ಇರಕ್ಕಾಗತ್ತಾ? ಜಗಳಕ್ಕಾದ್ರೂ ಬರ್ಲೇಬೇಕು."

ಆ ಸಂಜೆ ಶಾಂತಲಾ ಮೇಡಂ ನನ್ನನ್ನು ಕರೆಸಿದರು. ಮೆಮೊ ಕೊಡುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. "ಇಷ್ಟು ಜನ ಯಾವತ್ತೂ ಬಂದಿರ್ಲಿಲ್ಲ," ಎಂದರು. "ಮುಂದಿನ ವರ್ಷಾನೂ ಅಲ್ಲೇ ಅಚ್ಚು ಹಾಕಿಸಿ. ನಿಮ್ಮ ಹೆಸರು ಮಾತ್ರ ಬೇರೆ ಸಾಲಲ್ಲಿ ಇರ್ಲಿ. ಮತ್ತೆ, ಹಿಂದಗಡೆ ಏನೋ ಸಣ್ಣಕ್ಕೆ ಇತ್ತಲ್ಲ? ಬೇಕಾದ್ರೆ ಅದನ್ನ ತೆಗೆದ್ಬಿಡಿ."

ಎರಡು ತಿಂಗಳ ಮೇಲೆ ಒಂದು ಭಾನುವಾರ ಗೌರಮ್ಮನ ಅಂಗಡಿಗೆ ಹೋದೆ. ಪವಿತ್ರಾ ಸ್ಟೂಲಿನ ಮೇಲೆ ಕೂತು ಡಬ್ಬಿ ತೆರೆದು ಸೊಪ್ಪಿನ ಪಲ್ಯ, ರಾಗಿ ರೊಟ್ಟಿ ತಿನ್ನುತ್ತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. "ಹನ್ನೊಂದು ಆಯ್ತು ಸಾರ್!" ಎಂದಳು. ಬೆಳಿಗ್ಗೆ ಆರರ ಒಳಗೆ ಹಾಸಿಗೆಯಿಂದ ಏಳಬಾರದು ಎಂದು ಅಮ್ಮನ ಕಟ್ಟಪ್ಪಣೆಯಂತೆ. ಗೌರಮ್ಮ ನನಗೆ ಬೇಡ ಬೇಡ ಎಂದರೂ ಹಸಿಮೆಣಸಿನಕಾಯಿ ಅಳೆದು, ದಪ್ಪನೆಯ ಕಾಗದವೊಂದನ್ನು ಲೀಲಾಜಾಲವಾಗಿ ಸುತ್ತಿ ಪೊಟ್ಟಣ ಕಟ್ಟಿದರು. ಮೇಲೆ ಬಂಗಾರದ ಗಣಪತಿ. ಉಳಿದ ಕಾರ್ಡುಗಳನ್ನೆಲ್ಲ ರಂಗಸ್ವಾಮಿ ಪವಿತ್ರಾಳ ಕೈಗೆ ಕೊಟ್ಟು ಕಳಿಸಿದ್ದನಂತೆ.

"ಮಡಚಕ್ಕೆ ಬರಲ್ಲ ಅಂದಿದ್ಯಲ್ಲಮ್ಮ?" ಎಂದೆ.

"ಅಮ್ಮನ ಕೈಗೆ ಬಗ್ಗದೇ ಇರೋ ಪೇಪರೇ ಇಲ್ಲ ಸಾರ್," ಎಂದಳು.

ಅಷ್ಟರಲ್ಲಿ ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು ತಮ್ಮ ಕೊತ್ತಂಬರಿ ಪೊಟ್ಟಣ ಬಿಚ್ಚಿ, ಕನ್ನಡಕ ಏರಿಸಿ, ಕಾರ್ಡಿನ ಹಿಂಬದಿಯನ್ನು ಓದತೊಡಗಿದರು. ನನ್ನ ಮೈ ಜುಮ್ಮೆಂದಿತು. ನನ್ನ ಮಾರ್ಗದರ್ಶಿಗೆ ಮೊಟ್ಟಮೊದಲ ಓದುಗ! ಜ್ವರ ಮುಗಿಸಿದರು, ಮಾತ್ರೆ ಮುಗಿಸಿದರು, ವಾಂತಿ ಭೇದಿಯ ಪ್ಯಾರಾದಲ್ಲಿ ತಲೆಯಾಡಿಸಿದರು. ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಅವರು ಕಾರ್ಡು ತಿರುಗಿಸಿ ಮುಂಬದಿ ನೋಡಿ ನನ್ನ ಕಡೆ ತಿರುಗಿದರು.

"ಅಯ್ಯೋ, ಈ ಮದುವೆ ಆಗ್ಹೋಯ್ತಾ? ಇಷ್ಟೊಂದು ಜನಕ್ಕೆ ವಾಂತಿ ಭೇದಿ ಆಗಿದೆ ಅಂದ್ರೆ ಊಟದಲ್ಲೇ ಏನೋ ಎಡವಟ್ಟಾಗಿರ್ಬೇಕು. ನೀವು ಹೋಗಿದ್ರಾ?"

"ಹೋಗಿದ್ದೆ ಸಾರ್," ಎಂದೆ. "ಉಪ್ಪಿಟ್ಟು ಚೆನ್ನಾಗೇ ಇತ್ತು."